ನೀಲಿ ರಿಬ್ಬನ್ನಿನ ಓದು

ವೇದಿಕೆಯ ಮೇಲಿರುವ ಹಿರಿಯರ ಮಂಡಳಿಯ ಅಧ್ಯಕ್ಷರೇ, ಇಂದು ಬೀಳ್ಕೊಡುಗೆ ಸ್ವೀಕರಿಸುತ್ತಿರುವ ನಮ್ಮ ಸಭಾಪಾಲಕರೇ, ಅವರ ಶ್ರೀಮತಿಯವರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಹೊಸ ಸಭಾಪಾಲಕರೇ, ಸಭಿಕರೇ,

ಹೇಳಬೇಕಾದ ಮಾತನ್ನು ಹೇಳದೆಯೇ ಕುಳಿತುಬಿಡುವುದರಲ್ಲಿದ್ದೆ. ನನ್ನ ಕೈಯಲ್ಲಿರುವ ಈ ಎರಡು ಹಾಳೆಗಳಲ್ಲಿ ಬರೀ ಹೊಗಳಿಕೆಯಿದೆ. ಅದು ಸುಳ್ಳಲ್ಲ. ನಮ್ಮ ತಂದೆ ಆಸ್ಪತ್ರೆಯಲ್ಲಿದ್ದಾಗ ಈ ಸಭಾಪಾಲಕರು, ನಮ್ಮ ಅಯ್ಯನವರು, ದಿನವೂ ಬಂದು ಮಂಚದ ಪಕ್ಕ ಕೂರುತ್ತಿದ್ದರು. ಅದನ್ನೇ ಓದಿ ಇಳಿಯಬೇಕೆಂದಿದ್ದೆ. ಆದರೆ ನನಗಿಂತ ಮೊದಲು ಮಾತನಾಡಿದ ಖಜಾಂಚಿಯವರು, ಅಯ್ಯನವರ ಬಾಯಿಂದ ವಾಕ್ಯ ಕೇಳಿ ಸಮಾಧಾನ ಹೊಂದದ ಮನೆಯೊಂದೂ ನಮ್ಮ ಸಭೆಯಲ್ಲಿಲ್ಲ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಅಂಥ ಮನೆ ಒಂದಿದೆ. ನಾನು ಆ ಮನೆಯಿಂದಲೇ ಬಂದಿದ್ದೇನೆ. ಆದ್ದರಿಂದ ಈ ಹಾಳೆಗಳನ್ನು ಮಡಿಸುತ್ತಿದ್ದೇನೆ.

ಭಾಷೆ ಎಡವಿದರೆ ಕ್ಷಮಿಸಿ. ನಾನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ಕೋಪ ಬಂದಾಗ ಮಾತ್ರ ನನಗೆ ಒಳ್ಳೆಯ ಕನ್ನಡ ಬರುತ್ತದೆ ಎಂದು ಅಮ್ಮ ಹೇಳುತ್ತಾಳೆ. ಇವತ್ತು ಬಹಳ ಚೆನ್ನಾಗಿ ಬರಬಹುದು.

ಹೊಸ ಅಯ್ಯನವರೇ, ಇಲ್ಲಿಯ ಒಂದು ಪದ್ಧತಿಯನ್ನು ನಿಮಗೆ ಯಾರೂ ತಿಳಿಸಿರಲಾರರು. ನೀವು ಯಾರ ಸ್ಥಾನಕ್ಕೆ ಬರುತ್ತಿದ್ದೀರೋ ಅವರ ಸತ್ಯವೇದದಲ್ಲಿ ಪುಟ ಗುರುತಿಗೆ ಎರಡು ರಿಬ್ಬನ್ನುಗಳಿವೆ. ಕೆಂಪು ರಿಬ್ಬನ್ನು ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೇ ಅಧ್ಯಾಯದಲ್ಲಿದೆ. ದೇವರು ಯಾರನ್ನು ಮೊದಲೇ ನೇಮಿಸಿದನೋ ಅವರನ್ನು ಕರೆದು, ಮಹಿಮೆಗೆ ಸೇರಿಸಿದ ಎನ್ನುವ ಭಾಗ. ನೀಲಿ ರಿಬ್ಬನ್ನು ನೂರಮೂರನೇ ಕೀರ್ತನೆಯಲ್ಲಿದೆ. ಮನುಷ್ಯನ ಆಯುಷ್ಯ ಹುಲ್ಲಿನ ಹಾಗೆ, ಗಾಳಿ ಬೀಸಿದರೆ ಇಲ್ಲ ಎನ್ನುವ ಭಾಗ. ಯಾರಾದರೂ ತೀರಿಕೊಂಡರೆ ಸಮಾಧಿಯ ಹತ್ತಿರ ಅಯ್ಯನವರು ಎರಡರಲ್ಲಿ ಒಂದನ್ನು ತೆಗೆಯುತ್ತಾರೆ. ಸ್ವರ್ಗಕ್ಕೆ ಆರಿಸಲ್ಪಟ್ಟವರಿಗೆ ಕೆಂಪು. ಅಯ್ಯನವರಿಗೆ ಖಾತ್ರಿಯಿಲ್ಲದವರಿಗೆ ನೀಲಿ. ಇದನ್ನು ಅವರು ಬಾಯಿಬಿಟ್ಟು ಹೇಳಿಲ್ಲ, ಹೇಳುವ ಅಗತ್ಯವೂ ಬಿದ್ದಿಲ್ಲ. ಪೆಟ್ಟಿಗೆ ಕೆಳಗಿಳಿಯುವಾಗ ನಮ್ಮ ಹೆಂಗಸರು ಪೆಟ್ಟಿಗೆಯನ್ನು ನೋಡುವುದಿಲ್ಲ, ಅಯ್ಯನವರ ಹೆಬ್ಬೆರಳನ್ನು ನೋಡುತ್ತಾರೆ. "ಕೆಂಪಾ, ನೀಲಿನಾ?" ಎಂದು ಹಿಂದಿನಿಂದ ಪಿಸುಗುಡುತ್ತಾರೆ. ಸಭಿಕರೇ, ತಲೆಯಾಡಿಸುತ್ತಿದ್ದೀರಲ್ಲ? ನಾನು ಕಟ್ಟಿ ಹೇಳುತ್ತಿಲ್ಲ ಎಂಬುದಕ್ಕೆ ಅಷ್ಟು ಸಾಕು.

ನನ್ನ ತಮ್ಮ ನಿಮಗೆಲ್ಲ ಗೊತ್ತು. ನೀವು ಅವನನ್ನು 'ಫ್ಯೂಸ್' ಎಂದು ಕರೆಯುತ್ತಿದ್ದಿರಿ. ನಿಮ್ಮ ತಲೆಯ ಮೇಲೆ ತಿರುಗುತ್ತಿರುವ ಫ್ಯಾನುಗಳನ್ನು ಹಾಕಿದವನು ಅವನು. ನಾನು ಮಾತನಾಡುತ್ತಿರುವ ಈ ಮೈಕಿಗೆ ಬರುವ ವೈರು ಗೋಡೆಯೊಳಗೆ ಎಲ್ಲೆಲ್ಲಿ ತಿರುಗುತ್ತದೆ ಎಂದು ಗೊತ್ತಿದ್ದವನೂ ಅವನೊಬ್ಬನೇ. ಕುಡಿಯುತ್ತಿದ್ದ, ನಿಜ. ಭಾನುವಾರ ಬರುತ್ತಿರಲಿಲ್ಲ, ಅದೂ ನಿಜ. ಒಮ್ಮೆ ಇದೇ ಬಾಗಿಲಲ್ಲಿ ಏಣಿ ಹಿಡಿದು ನಿಂತಿದ್ದಾಗ ಅಯ್ಯನವರು ಕೇಳಿದರು: "ಏನಪ್ಪಾ, ರಿಪೇರಿಗೆ ಬರ್ತೀಯ, ಆರಾಧನೆಗೆ ಬರಲ್ವಲ್ಲ?" ಅವನು ಅಂದ: "ಸೀಟೆಲ್ಲ ಮೊದ್ಲೇ ಬುಕ್ ಆಗಿದೆ ಅಂತ ನೀವೇ ಹೇಳ್ತೀರ ಅಯ್ಯನವರೇ. ಮತ್ತೆ ನಾನ್ಯಾಕೆ ಕ್ಯೂನಲ್ಲಿ ನಿಲ್ಲಲಿ?"

ನೀವು ಈಗ ನಗುತ್ತಿದ್ದೀರಿ. ಆವತ್ತೂ ಎಲ್ಲರೂ ನಕ್ಕರು. ಒಬ್ಬರು ನಗಲಿಲ್ಲ.

ಅಂಗಡಿಯೊಂದರ ಬೋರ್ಡಿಗೆ ದೀಪ ಹಾಕುವಾಗ ಅವನು ಏಣಿಯಿಂದ ಬಿದ್ದು ಸತ್ತ. ಸಮಾಧಿಯ ಹತ್ತಿರ ಅಮ್ಮ ನನ್ನ ಮೊಣಕೈ ಹಿಡಿದು ನಿಂತಿದ್ದಳು. ಅವಳಿಗೆ ಕಣ್ಣು ಮಂಜು. "ಯಾವ್ದು ತೆಗೆದ್ರೇ?" ಎಂದು ಕೇಳಿದಳು. "ನೀಲಿ, ಅಮ್ಮ" ಎಂದೆ. "ಹೌದಾ" ಎಂದಳು. ಅಷ್ಟೇ. ಮೊಣಕೈಯನ್ನು ಮಾತ್ರ ಬಿಟ್ಟಳು.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಾ ಅಮ್ಮ ಹೇಳಿದಳು: "ನಾನು ಹೋದಾಗ ನಂಗೆ ಕೆಂಪೇ ತೆಗೀತಾರೆ ಕಣೇ. ಬೇಡ ಅಂತ ಹೇಳ್ಬಿಡು. ನಂಗೂ ನೀಲಿನೇ ಓದ್ಲಿ."

"ಯಾಕಮ್ಮಾ ಹಂಗೆಲ್ಲ ಮಾತಾಡ್ತೀಯ?"

"ಅಲ್ಲಿ ಅವನೊಬ್ನೇ ಇದಾನಲ್ಲೇ. ಚಿಕ್ಕೋನಿದ್ದಾಗಿಂದ ಕತ್ತಲೆ ಅಂದ್ರೆ ಅವನಿಗೆ ಆಗಲ್ಲ. ಅದಕ್ಕೇ ಅಲ್ವಾ ಕರೆಂಟ್ ಕೆಲಸ ಕಲ್ತಿದ್ದು?"

ಸಭಿಕರೇ, ನಿಮ್ಮ ತಾಯಿ ನಿಮಗೆ ಹೀಗೆ ಹೇಳಿದ್ದರೆ ನೀವು ಏನು ಮಾಡುತ್ತಿದ್ದಿರಿ? ನಾನು ಅಯ್ಯನವರ ಕೋಣೆಗೆ ಹೋದೆ. ನೆನಪಿದೆಯೇ ಅಯ್ಯನವರೇ? ನೀವು ಕನ್ನಡಕ ಒರೆಸಿಕೊಳ್ಳುತ್ತಾ, "ಮಡಕೆ ಕುಂಬಾರನನ್ನ ಪ್ರಶ್ನೆ ಕೇಳುತ್ತದೇನಮ್ಮ? ಮನೆಗೆ ಹೋಗಿ ರೋಮಾಪುರದ ಒಂಬತ್ತನೇ ಅಧ್ಯಾಯ ಓದು" ಎಂದಿರಿ. ಓದು ಎಂದವರು ನೀವು. ನಾನು ಓದಿದೆ. ಈಗ ಬೇಸರ ಮಾಡಿಕೊಳ್ಳಬಾರದು.

ನಾನು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಪರೀಕ್ಷೆಗೆ ಮೊದಲೇ ವರದಿ ಬರೆಯುವವರನ್ನು ನಮ್ಮಲ್ಲಿ ಕೆಲಸದಿಂದ ತೆಗೆಯುತ್ತಾರೆ. ಮಾದರಿ ಅರ್ಧ ಬಂದರೆ ವಾಪಸ್ಸು ಕಳಿಸುತ್ತೇವೆ. ಆ ಅಭ್ಯಾಸದಿಂದಲೇ ಓದಿದೆ. ಕೆಲಸ ಮುಗಿಸಿ ಬಂದು ಅಡುಗೆಮನೆಯ ಮೇಜಿನ ಮೇಲೆ ಮೊದಲು ಇಂಗ್ಲಿಷಿನಲ್ಲಿ ಓದುತ್ತಿದ್ದೆ, ಆಮೇಲೆ ಅಮ್ಮನಿಗೆ ಕೇಳಿಸುವಂತೆ ಕನ್ನಡದಲ್ಲಿ, ತಡವರಿಸಿಕೊಂಡು.

ನೀವು ವೇದಿಕೆಯಿಂದ ಒಂಬತ್ತನೇ ಅಧ್ಯಾಯವನ್ನು ಯಾವಾಗಲೂ ನಡುವಿನಿಂದ ಓದುತ್ತಿದ್ದಿರಿ. ದೇವರು ಆರಿಸದೆ ಬಿಟ್ಟ ಏಸಾವನಿಂದ, ದೇವರು ಮನಸ್ಸು ಕಠಿಣ ಮಾಡಿದ ಫರೋಹನಿಂದ, ಕುಂಬಾರನಿಂದ. ನಾನು ಮೊದಲಿನಿಂದ ಓದಿದೆ. ಆ ಅಧ್ಯಾಯ ಕುಂಬಾರನಿಂದ ಶುರುವಾಗುವುದೇ ಇಲ್ಲ, ಅಳುವಿನಿಂದ ಶುರುವಾಗುತ್ತದೆ. ಆ ಪತ್ರಿಕೆ ಬರೆದ ಪೌಲನು ತನ್ನ ಜನ ಹೊರಗುಳಿದರಲ್ಲ ಎಂದು ಎದೆ ಒಡೆದುಕೊಳ್ಳುತ್ತಾನೆ. ಅವರಿಗೋಸ್ಕರ ತಾನೇ ಕ್ರಿಸ್ತನಿಂದ ದೂರವಾದರೂ ಆಗಲಿ ಎನ್ನುತ್ತಾನೆ. ಆ ಸಾಲನ್ನು ಎರಡನೇ ಸಲ ಓದಿದೆ. ಯಾಕೆಂದರೆ ಬಟಾಣಿ ಸುಲಿಯುತ್ತಾ ಅಮ್ಮ ಹೇಳಿದ್ದೂ ಅದನ್ನೇ. ನನಗೂ ನೀಲಿ ಓದಲಿ!

ಅಮ್ಮ ಕೇಳಿದಳು: "ಆ ಪೌಲನಿಗೆ ಮಕ್ಕಳಿದ್ರಾ?"

"ಇಲ್ಲಮ್ಮ, ಮದುವೆನೇ ಆಗಿದ್ದ ಹಂಗಿಲ್ಲ."

"ಆದ್ರೂ ಗೊತ್ತಾಯ್ತಲ್ಲ ಪಾಪ, ಅವನಿಗೆ."

ಮುಂದೆ ಹನ್ನೊಂದನೇ ಅಧ್ಯಾಯದ ಕೊನೆಯವರೆಗೆ ಓದಿದೆವು. ಅಲ್ಲಿ ಅದೇ ಪೌಲನು, ದೇವರು ಎಲ್ಲರಿಗೂ ಕರುಣೆ ತೋರಿಸಬೇಕೆಂದೇ ಎಲ್ಲರನ್ನೂ ಅವಿಧೇಯತೆಯಲ್ಲಿ ಒಂದೇ ಕಡೆ ಕೂಡಿಹಾಕಿದ್ದಾನೆ ಎಂದು ಮುಗಿಸುತ್ತಾನೆ. ಆ ಕುಂಬಾರನನ್ನು ಹುಡುಕಿಕೊಂಡು ಯೆರೆಮೀಯನ ಪುಸ್ತಕಕ್ಕೆ ಹೋದೆ. ಅಲ್ಲಿ ಮಡಕೆ ಕೈಯಲ್ಲೇ ಕೆಡುತ್ತದೆ. ಕುಂಬಾರ ಅದನ್ನು ಬಿಸಾಡುವುದಿಲ್ಲ, ಅದೇ ಮಣ್ಣನ್ನು ಮತ್ತೆ ತಿರುಗಿಸುತ್ತಾನೆ. ಕೊನೆಗೆ ನೀಲಿ ರಿಬ್ಬನ್ನಿನ ಕೀರ್ತನೆಗೂ ಹೋದೆ. ನೀವು ಹುಲ್ಲು ಒಣಗಿ ಜಾಗವೂ ಅದನ್ನು ಮರೆಯುವಲ್ಲಿಗೆ ನಿಲ್ಲಿಸಿ ಪುಸ್ತಕ ಮುಚ್ಚುತ್ತಿದ್ದಿರಿ. ಮುಂದಿನ ಸಾಲು ಏನು ಗೊತ್ತೇ, ಸಭಿಕರೇ? 'ಆದರೆ' ಎಂದು ಶುರುವಾಗುತ್ತದೆ. ಆದರೆ ಕರ್ತನ ಕೃಪೆಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ ಎನ್ನುತ್ತದೆ. ನನ್ನ ತಮ್ಮನ ಪೆಟ್ಟಿಗೆಯ ಮೇಲೆ ಮಣ್ಣು ಬೀಳುವ ಮೊದಲು ಆ ಒಂದು ಸಾಲು ಓದಲು ಎಷ್ಟು ಹೊತ್ತು ಬೇಕಿತ್ತು? ಯಾರು ನಿಮ್ಮನ್ನು ತಡೆದರು?

ಕೋಪದಲ್ಲಿ ನನಗೆ ಬೇಕಾದ ಉತ್ತರವನ್ನೇ ಹುಡುಕಿಕೊಂಡೆನೇ? ಇದನ್ನು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಲ್ಯಾಬಿನಲ್ಲಿ ನಮಗೆ ಇಷ್ಟವಾದ ಫಲಿತಾಂಶ ಬಂದರೆ ಇನ್ನೊಮ್ಮೆ ಪರೀಕ್ಷಿಸಬೇಕು. ನನ್ನ ವಿರುದ್ಧವೇ ವಾದಿಸುತ್ತಾ ಮತ್ತೆ ಓದಿದೆ. ಹುಟ್ಟುವ ಮೊದಲೇ ಒಬ್ಬನನ್ನು ಆರಿಸಿ ಇನ್ನೊಬ್ಬನನ್ನು ಬಿಟ್ಟ ಮಾತು ಈಗಲೂ ನನಗೆ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅದನ್ನು ಬಚ್ಚಿಡುವುದಿಲ್ಲ. ದೇವರು ಆರಿಸುತ್ತಾನೆ, ಅದನ್ನು ನಂಬುತ್ತೇನೆ. ಆದರೆ ಒಬ್ಬರನ್ನು ಆರಿಸುವುದು ಉಳಿದವರ ಮುಖದ ಮೇಲೆ ಬಾಗಿಲು ಹಾಕುವುದಕ್ಕಲ್ಲ, ಅವರನ್ನು ಕರೆತರುವುದಕ್ಕೆ ಎಂದು ನಂಬುತ್ತೇನೆ. ನನ್ನ ತಮ್ಮ ಎಲ್ಲಿದ್ದಾನೆ ಎಂದು ನನಗೆ ಗೊತ್ತಿಲ್ಲ. ಅಯ್ಯನವರೇ, ನಿಮಗೂ ಗೊತ್ತಿಲ್ಲ! ಗೊತ್ತಿರುವುದು ಒಬ್ಬನಿಗೆ. ಅವನು ತನ್ನ ತೀರ್ಪನ್ನು ನಿಮ್ಮ ರಿಬ್ಬನ್ನುಗಳಿಗೆ ವಹಿಸಿಕೊಟ್ಟದ್ದನ್ನು ಆ ಪುಸ್ತಕದ ಯಾವ ಪುಟದಲ್ಲೂ ನಾನು ಕಾಣಲಿಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಮುಗಿಸುತ್ತೇನೆ. ಎಲ್ಲದರ ಸಮಯವೂ ಮೊದಲೇ ನಿಗದಿಯಾಗಿದೆ ಎನ್ನುವ ಅಯ್ಯನವರಿಗೆ ನೀವು ಗೋಡೆ ಗಡಿಯಾರ ಉಡುಗೊರೆ ಕೊಟ್ಟಿದ್ದೀರಿ. ನನಗೆ ಅದರಲ್ಲಿ ಸ್ವಲ್ಪ ಹೊತ್ತು ಸಾಲ ಕೊಡಿ.

ಇಷ್ಟೆಲ್ಲ ಓದಿಯೂ ಅಮ್ಮನಿಗೆ ಸಮಾಧಾನವಾಗಿಲ್ಲ. "ನೀನು ಓದಿದ್ದು ಸರಿನೇ ಇರ್ಬೋದು ಕಣೇ. ಆದ್ರೆ ನೀಲಿ ತೆಗೆದೋರು ಅವ್ರು. ಉಳಿದಿದ್ದನ್ನ ಅವ್ರೇ ಬಂದು ಓದ್ಬೇಕು" ಎನ್ನುತ್ತಾಳೆ. ಅವಳು ಈಗ ಹಾಸಿಗೆ ಬಿಟ್ಟು ಏಳುವುದಿಲ್ಲ. ಡಾಕ್ಟರು ನನ್ನ ಮುಖ ನೋಡಿ ಮಾತನಾಡುವುದನ್ನು ನಿಲ್ಲಿಸಿದ್ದಾರೆ. ಅವಳ ರಕ್ತದ ವರದಿಗಳನ್ನು ನಾನೇ ಬರೆಯುತ್ತೇನೆ, ನನಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಅಯ್ಯನವರೇ, ನೀವು ಈ ತಿಂಗಳ ಕೊನೆಗೆ ಹೊರಡುತ್ತೀರಿ. ನಮ್ಮ ಮನೆ ನಿಮಗೆ ಗೊತ್ತು. ಕ್ಷಮೆ ಕೇಳಬೇಕಾಗಿಲ್ಲ, ಪ್ರಸಂಗ ಮಾಡಬೇಕಾಗಿಲ್ಲ. ಬನ್ನಿ, ಅವಳ ಮಂಚದ ಪಕ್ಕ ಕೂರಿ. ಕೂರಲು ನಿಮಗೆ ಬರುತ್ತದೆ, ನಾನು ನೋಡಿದ್ದೇನೆ. ನೀಲಿ ರಿಬ್ಬನ್ನನ್ನು ತೆಗೆಯಿರಿ. 'ಆದರೆ' ಎನ್ನುವಲ್ಲಿಂದ ಓದಿ.

ಸ್ಮರಣ ಸಂಚಿಕೆಗೆ ಈ ಭಾಷಣವನ್ನು ಬರೆದು ಕಳಿಸಬೇಕೆಂದು ಸಂಪಾದಕರು ಕೇಳಿದ್ದಾರೆ. ಆಡಿದ್ದನ್ನು ಆಡಿದಂತೆಯೇ ಬರೆಯುತ್ತೇನೆ. ಕೊನೆಯಲ್ಲಿ ಅರ್ಧ ಪುಟ ಖಾಲಿ ಬಿಡುತ್ತೇನೆ. ನೀವು ಬಂದಿರೆಂದೋ ಬರಲಿಲ್ಲವೆಂದೋ ಅಲ್ಲಿ ಬರೆಯುವುದು ನನ್ನ ಕೈಯಲ್ಲಿಲ್ಲ. ಯಾವುದೂ ಮೊದಲೇ ಬರೆದಿಟ್ಟದ್ದಲ್ಲ ಎಂದು ನಂಬಿ ಕಾಯುತ್ತೇನೆ.

ನನ್ನ ಕೋಪವನ್ನು ಸಹಿಸಿಕೊಂಡು ಕುಳಿತ ನಿಮಗೆಲ್ಲರಿಗೂ, ಈ ಫ್ಯಾನುಗಳನ್ನು ಹಾಕಿಹೋದವನಿಗೂ, ನನ್ನ ಕೃತಜ್ಞತೆಗಳು. ನಮಸ್ಕಾರ.

ಅಂಚೆಗೆ ಹಾಕುವ ದಿನ: ನವೆಂಬರ್ ಇಪ್ಪತ್ತೆಂಟು. ಅಯ್ಯನವರು ಹೊರಡಲು ಇನ್ನೆರಡು ದಿನವಿದೆ, ಅರ್ಧ ಪುಟ ಇನ್ನೂ ಖಾಲಿಯಾಗಿದೆ.