ಕೆರಿಯಪ್ಪನ ಜೀಪು ಉಸಿರೆಳೆದದ್ದು

ರಿಪ್ಪನ್‌ಪೇಟೆಯಲ್ಲಿ ಗ್ಯಾರೇಜ್ ಇಟ್ಟಿದಾನಲ್ಲ ನಿರಂಜನ, ನಮ್ಮ ಚಿಕ್ಕಮ್ಮನ ಮಗ... ಅವನಿಗೆ ಆಗಿದ್ದು ಇದು. ಹೋದ ವರ್ಷ, ಶಿವರಾತ್ರಿ ಕಳೆದು ಒಂದು ವಾರ ಆಗಿತ್ತು. ಬಾಗಿಲು ಹಾಕೋ ಹೊತ್ತಿಗೆ ರಾತ್ರಿ ಹತ್ತು ದಾಟಿತ್ತು. ಬೈಕ್ ತಮ್ಮ ಒಯ್ದಿದ್ದ. ನಡೆದೇ ಹೊರಟ.

ಪೇಟೆ ದಾಟಿದ ಮೇಲೆ ರಸ್ತೆ ಪಕ್ಕ ಒಂದು ಹಳೇ ಬಾವಿ. ಕಟ್ಟೆ ಕುಸಿದಿದೆ, ಯಾರೂ ನೀರು ಸೇದಲ್ಲ. ಅಲ್ಲಿಗೆ ಬರುವಾಗ ಒಂದು ಸದ್ದು ಕೇಳಿತು.

ಸ್ಸ್‌ರ್‌ರ್...

ಯಾರೋ ಹಲ್ಲು ಕಚ್ಚಿಕೊಂಡು ಉಸಿರು ಒಳಗೆ ಎಳೆದ ಹಾಗೆ. ಎಳೆದದ್ದು ಮಾತ್ರ. ಬಿಟ್ಟ ಸದ್ದು ಬರಲೇ ಇಲ್ಲ. ನಿಂತ. ಕಾದ... ಮತ್ತೆ ಅದೇ.

ಮೊಬೈಲ್ ಟಾರ್ಚ್ ಹಾಕಿದ. ಬಾವಿಯಿಂದ ಹತ್ತು ಹೆಜ್ಜೆ ಆಚೆ ಒಂದು ಜೀಪು. ಬಾನೆಟ್ ಎತ್ತಿಟ್ಟಿದೆ. ಪಕ್ಕದಲ್ಲಿ ಕೆರಿಯಪ್ಪ ಕುಕ್ಕರಗಾಲಲ್ಲಿ ಕೂತಿದಾನೆ.

ಈ ಕೆರಿಯಪ್ಪ ಅಲ್ಲೇ ಮುಂದಿನ ಊರಿನವನು. ವಯಸ್ಸು ಐವತ್ತೈದರ ಮೇಲೆ. ಜನ, ಸಾಮಾನು ಹೊಡೆಯೋಕೆ ಅಂತ ಆರು ತಿಂಗಳ ಹಿಂದೆ ಆ ಹಳೇ ಜೀಪು ತಂದಿದ್ದ. ತಿಂಗಳೊಳಗೆ ಇದು ಮೂರನೇ ಸಲ, ಅದೇ ತೊಂದರೆ. ರೇಡಿಯೇಟರಿನಿಂದ ಎಂಜಿನ್ನಿಗೆ ನೀರು ಒಯ್ಯೋ ಕೆಳಗಿನ ರಬ್ಬರ್ ಪೈಪು ಚಪ್ಪಟೆಯಾಗಿ ಅಂಟಿಕೊಳ್ಳುತ್ತೆ. ನೀರು ಓಡಲ್ಲ. ಎಂಜಿನ್ ಕಾದು ನಿಲ್ಲುತ್ತೆ.

“ಸ್ಪ್ರಿಂಗ್ ಹಾಕಿದೀನಿ ಅಂದಿದ್ಯಲ್ಲ,” ಅಂದ ಕೆರಿಯಪ್ಪ, ಪಿಸುದನಿಯಲ್ಲಿ. “ಹಾಕಿದ್ದು ಹೌದೇನೋ?”

“ನಿಮ್ಮೆದುರಿಗೇ ಹಾಕ್ಲಿಲ್ವಾ ಕೆರಿಯಪ್ಪಣ್ಣ?”

“ನಾನು ಚಾ ಕುಡಿಯೋಕೆ ಹೋಗಿದ್ದೆ.”

ನಿರಂಜನನಿಗೆ ಮೈ ಉರಿಯಿತು. ಈ ಮಾತು ಪೇಟೆಯಲ್ಲಿ ಹಬ್ಬಿದರೆ ಹದಿನೈದು ವರ್ಷದ ಹೆಸರು ಹೋಯಿತು. ಎಂಜಿನ್ ಜೋರಾದಾಗ ಪಂಪು ನೀರನ್ನ ಎಳೆಯುತ್ತೆ. ಪೈಪು ಮೆತ್ತಗಿದ್ದರೆ ಅದರ ಪಕ್ಕೆ ಒಳಗೆ ಹೋಗುತ್ತೆ, ಎಳನೀರಿಗೆ ಹಾಕಿದ ಕಾಗದದ ಸ್ಟ್ರಾ ಹಾಗೆ. ಹಾಗಾಗದಿರಲಿ ಅಂತಲೇ ಒಳಗೆ ಉಕ್ಕಿನ ಸ್ಪ್ರಿಂಗ್ ಕೂರಿಸೋದು. ಅವನು ಕೂರಿಸಿದ್ದ. ಅದರಲ್ಲಿ ಅವನಿಗೆ ಸಂಶಯ ಇರಲಿಲ್ಲ.

ಬಗ್ಗಿ ನೋಡಿದ. ಪೈಪು ಒಣಮೀನಿನ ಹಾಗೆ ಚಪ್ಪಟೆ.

“ಆಫ್ ಮಾಡಿ ಎಷ್ಟೊತ್ತಾಯ್ತು?”

“ಅರ್ಧ ಗಂಟೆ.”

ಎಂಜಿನ್ ನಿಂತರೆ ಪಂಪು ಎಳೆಯಲ್ಲ. ಪೈಪು ದುಂಡಗಾಗಬೇಕು. ಹಾಗಾದರೆ ರೇಡಿಯೇಟರ್ ಮುಚ್ಚಳದ ವಾಲ್ವ್ ಹಿಡಿದುಕೊಂಡಿರಬೇಕು ಅಂದುಕೊಂಡ. ಎಂಜಿನ್ ತಣಿಯುವಾಗ ಆ ವಾಲ್ವ್ ತೆರೆದು ಗಾಳಿ ಒಳಕ್ಕೆ ಬಿಡಬೇಕು. ಬಿಡದಿದ್ದರೆ ಪೈಪೇ ಸೊರಗುತ್ತೆ. ಬಟ್ಟೆ ಹಾಕಿ ಮುಚ್ಚಳ ತಿರುಗಿಸಿದ. ಗಾಳಿ ಸೊರ್ರನೆ ಒಳಗೆ ಹೋಯಿತು. ಟಪ್! ಪೈಪು ಉಬ್ಬಿತು.

“ಇಷ್ಟೇ ನೋಡಿ. ಬೆಳಿಗ್ಗೆ ತನ್ನಿ.”

ಕೆರಿಯಪ್ಪ ಗಾಡಿ ತಗೊಂಡು ಹೋದ. ನಿರಂಜನ ಮನೆಗೆ ಬಂದು ಊಟ ಮಾಡಿ ಮಲಗಿದ. ನಿದ್ದೆ ಹತ್ತೋ ಹೊತ್ತಿಗೆ ಹೊಳೆಯಿತು... ಆ ಮುಚ್ಚಳ ಹೊಸದು. ನಾಲ್ಕು ದಿನದ ಹಿಂದೆ ತಾನೇ ಹಾಕಿದ್ದು. ಮತ್ತೆ, ಬಾವಿ ಹತ್ತಿರ ತಾನು ಆ ಸದ್ದು ಕೇಳಿದಾಗ, ಆ ಮುಚ್ಚಳ ಇನ್ನೂ ಯಾರೂ ತೆರೆದಿರಲಿಲ್ಲ, ಗಾಳಿ ಒಳಗೆ ಹೋಗೋಕೆ ದಾರಿಯೇ ಇರಲಿಲ್ಲ.

ಬೆಳಿಗ್ಗೆ ಕೆರಿಯಪ್ಪ ಬಂದ. “ಇವತ್ತು ನಾನು ಕದಲಲ್ಲ,” ಅಂತ ಸ್ಟೂಲ್ ಎಳೆದುಕೊಂಡು ಎದುರಿಗೇ ಕೂತ.

ಕ್ಲಿಪ್ ಸಡಿಲಿಸಿ ಪೈಪು ತೆಗೆದು ಅಲ್ಲಾಡಿಸಿದರೆ, ಸ್ಪ್ರಿಂಗ್ ಠಣ್ ಅಂತ ನೆಲಕ್ಕೆ ಬಿತ್ತು. ಇಬ್ಬರೂ ನೋಡಿದರು.

ಸ್ಪ್ರಿಂಗ್ ಇತ್ತು. ಆದರೆ ಚಪ್ಪಟೆಯಾಗಿತ್ತು. ಒಂದೊಂದು ಸುತ್ತೂ ಸಮವಾಗಿ, ಇಸ್ತ್ರಿ ಹಾಕಿದ ಹಾಗೆ.

“ಸುತ್ತಿಗೆಯಲ್ಲಿ ಹೊಡೆದ್ರಾ ಇದಕ್ಕೆ?” ಅಂದ ನಿರಂಜನ.

“ನಾನ್ಯಾಕೆ ಹೊಡೀಲಿ ಮಾರಾಯ? ನಂದೇ ಗಾಡಿ!”

ಸುತ್ತಿಗೆ ಪೆಟ್ಟಿನ ಗುರುತು ಒಂದೂ ಇರಲಿಲ್ಲ ಅನ್ನಿ. ಆದರೂ ಸಂಶಯ ಈಗ ಈ ಕಡೆಗೆ ತಿರುಗಿತ್ತು. ಈ ಮನುಷ್ಯ ಏನೋ ಮುಚ್ಚಿಡ್ತಿದಾನೆ. ಕಣ್ಣಿಗೆ ಕಣ್ಣು ಕೊಡ್ತಾ ಇಲ್ಲ. ನಿರಂಜನ ಸುಮ್ಮನೆ ಡ್ರೈವರ್ ಸೀಟು ಎತ್ತಿ ಕೆಳಗೆ ಕೈ ಹಾಕಿದ. ಬೆರಳಿಗೆ ಸಣ್ಣ ಬೂದು ಮಣ್ಣು ಹತ್ತಿತು. ನುಣ್ಣಗೆ, ಹಿಟ್ಟಿನ ಹಾಗೆ. ರಸ್ತೆ ಧೂಳಲ್ಲ ಅದು. ಮೂಸಿದ. ಹಿನ್ನೀರಿನ ಕೆಸರು.

“ಎಲ್ಲಿಂದ ತಂದ್ರಿ ಈ ಗಾಡಿ?”

“ಹೊನ್ನೆಮರಡು ಕಡೆಯವ್ರದ್ದು... ಯಾಕೆ?”

“ನೀರಿಗೆ ಬಿದ್ದಿತ್ತಾ?”

ಕೆರಿಯಪ್ಪ ಎಲೆಯಡಿಕೆ ಉಗಿಯೋಕೆ ಅಂತ ಎದ್ದು ಹೊರಗೆ ಹೋದ.

ನಿರಂಜನ ಹಟಕ್ಕೆ ಬಿದ್ದ. ಲಾರಿಗೆ ಹಾಕೋ ದಪ್ಪ ಪೈಪು ತಂದ, ಒಳಗೆ ಬಟ್ಟೆಯ ನಾಲ್ಕು ಪದರ ಇರೋದು. ಹೆಬ್ಬೆಟ್ಟಿನಿಂದ ಒತ್ತಿದರೂ ತಗ್ಗಲ್ಲ. ದಪ್ಪ ತಂತಿಯ ಸ್ಪ್ರಿಂಗ್ ಒತ್ತೊತ್ತಾಗಿ ಸುತ್ತಿಸಿ, ಪೈಪಿನ ಈ ತುದಿಯಿಂದ ಆ ತುದಿವರೆಗೂ ಕೂರಿಸಿದ. ಮುಚ್ಚಳವನ್ನೂ ಬದಲಾಯಿಸಿದ. “ಇದನ್ನ ಇನ್ನು ಯಾವ ಎಳೆತವೂ ಏನೂ ಮಾಡಕ್ಕಾಗಲ್ಲ,” ಅಂದ.

ಸಂಜೆ ಇಬ್ಬರೂ ಗಾಡಿ ಓಡಿಸಿ ನೋಡೋಕೆ ಹೊಸನಗರದ ಕಡೆ ಹೊರಟರು. ಕೆರಿಯಪ್ಪ ಓಡಿಸ್ತಿದ್ದ. ನಿರಂಜನ ಪಕ್ಕದಲ್ಲಿ. ಹೊಸನಗರ ಮುಟ್ಟಿ, ತಿರುಗಿಸಿ, ವಾಪಸ್ ಬರುವಾಗ ಕತ್ತಲಾಗಿತ್ತು. ಏರಿನಲ್ಲೂ ಹೀಟಿನ ಮುಳ್ಳು ಅಲುಗಲಿಲ್ಲ.

“ಒಳ್ಳೇ ಕೆಲಸ ಮಾಡ್ದೆ ಕಣೋ,” ಅಂದ ಕೆರಿಯಪ್ಪ. ಮತ್ತೇನೋ ಹೇಳೋಕೆ ಬಾಯಿ ತೆರೆದ.

ಮಾತು ಬರಲಿಲ್ಲ.

ನಿರಂಜನನ ಕಿವಿ ಎರಡೂ ಗಪ್ಪನೆ ಕಟ್ಟಿದವು. ಆಗುಂಬೆ ಘಾಟಿ ಇಳಿಯುವಾಗ ಕಟ್ಟುತ್ತಲ್ಲ, ಹಾಗೆ. ಎಂಜಿನ್ ಸದ್ದು ದೂರ ಹೋಯಿತು. ಆ ದೂರದ ಸದ್ದಿನ ಮೇಲೆ...

ಸ್ಸ್‌ರ್‌ರ್...

ಡ್ಯಾಶ್‌ಬೋರ್ಡಿನ ಬೆಳಕಲ್ಲಿ ಕೆರಿಯಪ್ಪನ ಮುಖ ಕಂಡಿತು. ಕೆನ್ನೆ ಎರಡೂ ಒಳಗೆ ಹೋಗಿತ್ತು. ಕಣ್ಣು ಅಗಲ. ಗಂಟಲ ಗುಳಿ ತಗ್ಗಿ, ತಗ್ಗಿ... ಅದೇ ಪೈಪಿನ ಹಾಗೆ. ಎರಡೂ ಕಿಟಕಿ ತೆರೆದೇ ಇತ್ತು. ಗಾಳಿ ಮುಖಕ್ಕೆ ಬಡೀತಿತ್ತು. ಆ ಗಾಳಿ ಅವನೊಳಗೆ ಮಾತ್ರ ಹೋಗ್ತಿರಲಿಲ್ಲ.

ನಿರಂಜನ ಹ್ಯಾಂಡ್‌ಬ್ರೇಕ್ ಎಳೆದ. ಗಾಡಿ ಜಗ್ಗಿ ನಿಂತಿತು. ಹಾರಿ ಬಾನೆಟ್ ಎತ್ತಿದ. ಪೈಪು ದುಂಡಗೆ, ಕಲ್ಲಿನ ಹಾಗೆ ಗಟ್ಟಿ ಇತ್ತು. ಒಳಗಿನಿಂದ ಎಳೀತಿರೋದಕ್ಕೆ ದಾರಿ ಇಲ್ಲ. ಪೈಪಿನ ದಾರಿ ತಾನೇ ಮುಚ್ಚಿದ್ದು, ಅದಕ್ಕೇ ಅದು ಕೆರಿಯಪ್ಪನ ಉಸಿರು ಎಳೀತಿದೆ.

ಕಾದ ಎಂಜಿನ್ನಿನ ಮುಚ್ಚಳ ಯಾವ ಮೆಕ್ಯಾನಿಕ್ಕೂ ತೆಗೆಯಲ್ಲ. ಕುದಿಯೋ ನೀರು ಮುಖಕ್ಕೇ ಚಿಮ್ಮುತ್ತೆ. ಅವನು ಅಂಗಿ ಬಿಚ್ಚಿ ಮುಚ್ಚಳಕ್ಕೆ ಸುತ್ತಿ, ಕಣ್ಣು ಮುಚ್ಚಿ ತಿರುಗಿಸಿದ.

ನೀರು ಚಿಮ್ಮಲಿಲ್ಲ. ಹಬೆ ಬರಲಿಲ್ಲ. ಅಂಗಿಯನ್ನೇ ಒಳಕ್ಕೆ ಎಳೆಯಿತು. ಅಂಗಿಯ ಒಂದು ತೋಳು ಪೂರ್ತಿ ರೇಡಿಯೇಟರಿನ ಬಾಯೊಳಗೆ ಇಳಿಯಿತು. ಉಳಿದಿದ್ದನ್ನ ಅವನು ಕಿತ್ತು ಬಿಸಾಡಿದ. ಆಮೇಲೆ ಉದ್ದಕ್ಕೆ ಒಂದು ಉಸಿರು... ಬಹಳ ಉದ್ದ. ರಸ್ತೆ ಬದಿಯ ತರಗೆಲೆ ಸರಸರ ಅಂತ ಗಾಡಿ ಕಡೆಗೆ ಹರಿದು ಬಂತು.

ಸೀಟಿನಲ್ಲಿ ಕೆರಿಯಪ್ಪ ಕೆಮ್ಮಿದ.

ಇಬ್ಬರೂ ರಸ್ತೆ ಆಚೆ ಹೋಗಿ ಕೂತರು.

“ಈಗ ಹೇಳಿ,” ಅಂದ ನಿರಂಜನ. “ಎಷ್ಟು ದಿನ ನೀರೊಳಗಿತ್ತು?”

“ಮೂರು ದಿನ... ರಾತ್ರಿ ದಡದಿಂದ ಜಾರಿ ಹೋಗಿತ್ತಂತೆ. ಕಮ್ಮಿಗೆ ಸಿಕ್ತು ಅಂತ ತಗೊಂಡೆ. ಯಾರಿಗೂ ಹೇಳ್ಲಿಲ್ಲ.”

“ಒಳಗೆ?”

“ಡ್ರೈವರ್ ಈಜಿ ಬಂದ.”

“ಮತ್ತೆ ಯಾರಿದ್ರು?”

“ಯಾರೂ ಇಲ್ಲ. ಒಬ್ನೇ ಇದ್ದೆ ಅಂತ ಅವ್ನೇ ಪೊಲೀಸರಿಗೆ ಬರ್ಕೊಟ್ಟಿದಾನೆ.” ಜೀಪಿನ ಕಡೆ ನೋಡಿ, “ಹಾಗಂತ ಹೇಳ್ದ,” ಅಂದ.

ಕೆರಿಯಪ್ಪ ಬದುಕಿದ. ಈಗಲೂ ಮೆಟ್ಟಿಲು ಹತ್ತಿದರೆ ಏದುಸಿರು. ಶಿವಮೊಗ್ಗದಲ್ಲಿ ತೋರಿಸಿದರೆ ಎದೆಯಲ್ಲಿ ಏನೂ ಇಲ್ಲ ಅಂದರು. ಆ ಡ್ರೈವರನ್ನ ಹುಡುಕಿಕೊಂಡು ಇಬ್ಬರೂ ಹೊನ್ನೆಮರಡಿಗೆ ಹೋಗಿದ್ದರು. ಮನೆಗೆ ಬೀಗ. ಊರು ಬಿಟ್ಟು ವರ್ಷವಾಯಿತು, ಎಲ್ಲಿಗೆ ಅಂತ ಗೊತ್ತಿಲ್ಲ ಅಂದರು ಪಕ್ಕದವರು. ಜೀಪಿನ ಎಂಜಿನ್, ರೇಡಿಯೇಟರ್, ಪೈಪು ಎಲ್ಲ ನಿರಂಜನನೇ ಬಿಚ್ಚಿದ. ಬರೀ ಬಾಡಿ ಗ್ಯಾರೇಜಿನ ಹಿಂದೆ ನಿಂತಿದೆ. ಗುಜರಿಯವನು ಎರಡು ಸಲ ಬಂದು, ನೋಡಿ, ಹಾಗೇ ಹೋದ.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನು ಮೊನ್ನೆ ಹೋಗಿ ನೋಡಿ ಬಂದೆ. ಮಧ್ಯಾಹ್ನ ಎರಡು ಗಂಟೆ, ರಣ ಬಿಸಿಲು, ತಗಡು ಮುಟ್ಟಿದರೆ ಚುರ್ ಅನ್ನೋದು. ಎಡಗಡೆ ಸೀಟಿನ ಎದುರು, ಗಾಜಿನ ಒಳಮೈಗೆ, ಅಂಗೈ ಅಗಲ ಹಬೆ ಕಟ್ಟಿತ್ತು. ಒರೆಸಿದೆ. ನೋಡ್ತಾ ಇದ್ದ ಹಾಗೇ ಮತ್ತೆ ಕಟ್ಟಿತು. ನಾನು ಆ ಸೀಟಲ್ಲಿ ಕೂತು ನೋಡಿದೆ, ನನ್ನ ಬಾಯಿಯ ಎತ್ತರಕ್ಕೆ ಇರಲಿಲ್ಲ ಅದು. ಒಂದು ಗೇಣು ಕೆಳಗಿತ್ತು, ಸಣ್ಣ ಮಗು ಕೂತರೆ ಬಾಯಿ ಬರೋ ಎತ್ತರಕ್ಕೆ.