ವಾಸದ ಚೀಟಿ

ಮುಸೊಲಿನಿಯ ಕಾಲದಲ್ಲಿ, ಇಟಲಿಯ ತೂರಿನೊ ಪಟ್ಟಣದ ಕಚೇರಿಯ ಸಾಲಿನಲ್ಲಿ ನಿಂತಿದ್ದಾಗ ಕಿವಿಗೆ ಬಿದ್ದ ಮಾತಿದು. ಹಳ್ಳಿಯಿಂದ ಬಂದ ನೋರ್ಮಾ ಎಂಬ ಹುಡುಗಿ ಕಿಟಕಿಯಿಂದ ಬರಿಗೈಯಲ್ಲಿ ತಿರುಗಿದಳು. ಅವಳ ಚಿಕ್ಕಮ್ಮ ಗೋಡೆಗೆ ಒರಗಿ ಕಾಯುತ್ತಿದ್ದಳು.

“ಗುಮಾಸ್ತ ಏನಂದ?”

“ಕೆಲಸ ಇದ್ದೋರಿಗೇ ಪಟ್ಟಣದಲ್ಲಿರೋಕೆ ವಾಸದ ಚೀಟಿ ಅಂತೆ, ಚಿಕ್ಕಮ್ಮ.”

“ಗಿರಣಿಯವರು?”

“ವಾಸದ ಚೀಟಿ ಇದ್ದೋರಿಗೇ ಕೆಲಸ ಅಂದಿದ್ರಲ್ಲ.”

“ಎಷ್ಟು ದಿನ ಬಿಟ್ಟಿದಾರೆ?”

“ತಿಂಗಳ ಕೊನೆವರೆಗೆ. ಆಮೇಲೆ ಪೊಲೀಸರೇ ರೈಲು ಹತ್ತಿಸ್ತಾರಂತೆ. ಊರಲ್ಲಿ ತಿನ್ನೋಕೇನಿದೆ?”

“ಇಲ್ಲಿನವನನ್ನ ಮದುವೆಯಾದ್ರೆ ಯಾರೂ ಓಡಿಸಲ್ಲ ಕಣೇ. ನಮ್ಮ ಮೆಟ್ಟಿಲ ಕೆಳಗೆ ಬೂಟು ಹೊಲಿಯೋ ಆನ್ಸೆಲ್ಮೊ ಇದಾನಲ್ಲ...”

“ಥೂ! ಬಾಯಲ್ಲಿ ಒಂದೂ ಹಲ್ಲಿಲ್ಲ!”

“ಹಲ್ಲು ಯಾಕೆ? ಮದುವೆಯಾಗದ ಗಂಡಸರಿಗೆ ಸರ್ಕಾರ ಹಾಕಿರೋ ಬ್ರಹ್ಮಚಾರಿ ತೆರಿಗೆ ಕಟ್ಟೀ ಕಟ್ಟೀ ಸಾಕಾಗಿದೆ ಅಂತ ದಿನಾ ಬೈತಿರ್ತಾನೆ.”

“ಅರವತ್ತೈದು ದಾಟಿದ್ರೆ ಆ ತೆರಿಗೆ ಇಲ್ವಲ್ಲ. ಅವನಿಗೆಷ್ಟು?”

“ದಾಟೋಕೆ ಇನ್ನೂ ಎರಡು ತಿಂಗಳಿದೆ. ಮದುವೆಗೆ ಮೊದಲು ಚರ್ಚಲ್ಲಿ ಮೂರು ಭಾನುವಾರ ಇಬ್ಬರ ಹೆಸರೂ ಕೂಗಬೇಕು. ಇವತ್ತೇ ಕೇಳಬೇಕು.”

“ಯಾರು ಕೇಳೋದು?”

“ನೀನೇ. ಕಿವಿ ಮಂದ, ಗಟ್ಟಿಯಾಗಿ ಕೇಳು.”

ನೋರ್ಮಾ ತಲೆಯ ರುಮಾಲು ಬಿಗಿದುಕೊಂಡಳು. ಕಚೇರಿಯ ಎರಡು ಮೆಟ್ಟಿಲು ಇಳಿದು ನಿಂತಳು.

“ಚಿಕ್ಕಮ್ಮ, ಅವನು ಎರಡೇ ತಿಂಗಳು ತಾನೇ, ತೆರಿಗೇನೇ ಕಟ್ತೀನಿ ಅಂದುಬಿಟ್ರೆ?”

ಚಿಕ್ಕಮ್ಮ ಅವಳ ಕೈ ಹಿಡಿದುಕೊಂಡು ಬೇಗಬೇಗ ಬೀದಿಗೆ ಇಳಿದಳು.