ಮನೆಮಾತಿನ ಪುಸ್ತಕ

...ಇಲ್ಲ ಇಲ್ಲ, ನೀನು ಹೊಲೀತಾ ಇರು ಕಣೇ, ನನಗೋಸ್ಕರ ಮಿಷನ್ ನಿಲ್ಲಿಸಬೇಡ. ನಾನೇನು ಹೊಸಬಳಾ? ನಿನಗೆ ಐದನೇ ಕ್ಲಾಸಿನಲ್ಲಿ ಪಾಠ ಹೇಳಿದವಳು, ಈಗ ನಿನ್ನ ಮಗಳಿಗೂ ಅದೇ ಕ್ಲಾಸಿನಲ್ಲಿ ಹೇಳ್ತಿರೋಳು. ಈ ಸ್ಟೂಲ್ ಮೇಲೆ ಕೂತ್ಕೋತೀನಿ. ಅಯ್ಯೋ, ಈ ಪ್ಯಾಂಟಿನ ರಾಶಿ ಸ್ವಲ್ಪ ಸರಿಸಲಾ? ಎಲ್ಲಾ ಸಿಪಾಯಿಗಳದ್ದೇ? ಎಷ್ಟು... ವಾರಕ್ಕೆ ಇನ್ನೂರಾ! ಹೂಂ. ಅದಕ್ಕೇ ನಿನ್ನ ತಂಟೆಗೆ ಬರಲಿಲ್ಲ ಅವರು. ಮುಖ ಯಾಕೆ ಹಾಗೆ ಮಾಡ್ತೀಯ? ಇದ್ದಿದ್ದನ್ನ ಇದ್ದ ಹಾಗೆ ಹೇಳ್ದೆ. ಸೈನ್ಯದಿಂದ ಓಡಿ ಬಂದ ಗಂಡನ್ನ ನಲವತ್ತು ದಿನ ಅಟ್ಟದ ಮೇಲೆ ಬಚ್ಚಿಟ್ಟವಳನ್ನ ಸುಮ್ಮನೆ ಬಿಡ್ತಾರಾ? ಅವರಿಗೆ ಪ್ಯಾಂಟು ಬೇಕು, ಬಿಟ್ರು.

ಪುಟ್ಟಿ ಎಲ್ಲಿ? ...ನೀರಿಗಾ? ಒಳ್ಳೇದೇ ಆಯ್ತು. ನಲ್ಲಿ ಹತ್ತಿರ ಸಾಲು ಉದ್ದ ಇದೆ, ಬರೋದು ತಡ ಆಗುತ್ತೆ. ಅವಳ ಎದುರಿಗೆ ಆಡೋ ಮಾತಲ್ಲ ಇದು.

ನೋಡು, ಸುತ್ತಿ ಬಳಸಿ ಹೇಳಲ್ಲ. ನಿನ್ನ ಗಂಡನ್ನ ಹಿಡ್ಕೊಂಡು ಹೋಗಿ ಹನ್ನೊಂದು ದಿನ ಆಯ್ತು, ಅವತ್ತಿಂದ ಪುಟ್ಟಿ ಸ್ಕೂಲಿಗೆ ಬಂದಿಲ್ಲ. ನಾಳೆ ಬೆಳಿಗ್ಗೆ ಬರಲೇಬೇಕು. ಬಂದು, ಎಲ್ಲರ ಮುಂದೆ ಮೆಟ್ಟಿಲ ಮೇಲೆ ನಿಂತು, ಒಂದು ಪುಟ ಓದಬೇಕು. ಅಷ್ಟೇ. ಒಂದೇ ಒಂದು ಪುಟ. ಅಪ್ಪ ಮಾಡಿದ್ದು ತಪ್ಪು, ನನಗೆ ನಾಚಿಕೆ ಆಗುತ್ತೆ ಅಂತ. ಓದಿದ್ರೆ ರಿಜಿಸ್ಟರಿನಲ್ಲಿ ಹೆಸರು ಉಳಿಯುತ್ತೆ, ಮಗು ನಿನ್ನ ಹತ್ತಿರ ಉಳಿಯುತ್ತೆ. ಓದದೇ ಇದ್ರೆ ಸರ್ಕಾರದ ಮಕ್ಕಳ ಮನೆ. ಮಧ್ಯಾಹ್ನಕ್ಕೇ ವ್ಯಾನು ಬರುತ್ತಂತೆ. ಇನ್‌ಸ್ಪೆಕ್ಟರು ನನ್ನ ಎದುರಿಗೇ ಹೇಳಿದ್ರು, ಹೆಡ್‌ಮಾಸ್ಟರು ತಲೆ ಎತ್ತಲಿಲ್ಲ. ಅದಕ್ಕೇ ಓಡಿ ಬಂದೆ. ಬೇರೆ ಯಾರೋ ಬಂದು ಹೇಳೋದಕ್ಕಿಂತ ನಾನೇ ಹೇಳೋದು ವಾಸಿ ಅಂತ.

ಅಷ್ಟು ಜೋರಾಗಿ ತುಳೀಬೇಡ, ದಾರ ಕಡಿಯುತ್ತೆ. ...ಸರಿ, ತುಳಿ. ನಾನೇ ಮಾತಾಡ್ತೀನಿ, ಬಾಯಿ ಮುಚ್ಚಿ ಕೂತು ನನಗೆ ಅಭ್ಯಾಸ ಇಲ್ಲ.

ಸ್ಕೂಲು ಈಗ ಸ್ಕೂಲಾಗಿಲ್ಲ ಕಣೇ. ಗಣಿತದ ಪುಸ್ತಕವನ್ನೂ ಬದಲಾಯಿಸಿಬಿಟ್ಟಿದ್ದಾರೆ. ನಿನ್ನ ಕಾಲಕ್ಕೆ ಬುಟ್ಟಿಯಲ್ಲಿ ಹನ್ನೆರಡು ಹಣ್ಣು, ಮೂರು ತಿಂದರೆ ಉಳಿದಿದ್ದೆಷ್ಟು ಅಂತ ಇತ್ತಲ್ಲ? ಈಗ ಹಣ್ಣಿಲ್ಲ, ಪೆಟ್ಟಿಗೆಯಲ್ಲಿ ಹನ್ನೆರಡು ಕೈಬಾಂಬು. ಅದರಲ್ಲಿ ಒಂದು ಪೆಟ್ಟಿಗೆಯಲ್ಲೇ ಸಿಡಿಯಿತು, ಉಳಿದಿದ್ದೆಷ್ಟು? ಕ್ಲಾಸೆಲ್ಲಾ ಹನ್ನೊಂದು ಹನ್ನೊಂದು ಅಂತ ಕೂಗಿದ್ರೆ, ಹಿಂದಿನ ಬೆಂಚಿನಿಂದ ಒಬ್ಬ ಎದ್ದು, ಟೀಚರ್, ಒಂದೂ ಉಳಿಯಲ್ಲ, ಎಲ್ಲಾ ಢಮಾರ್, ಎಣಿಸೋಕೆ ನಾವೂ ಇರಲ್ಲ ಅಂದ! ನಗು ತಡೆಯೋಕಾಗಲಿಲ್ಲ ನನಗೆ. ನಕ್ಕಿದ್ದಕ್ಕೆ ನೋಟೀಸು ಕೊಟ್ರು. ಬರವಣಿಗೆಯಲ್ಲಿ!

ಹಾಂ, ನೀನೂ ನಕ್ಕೆ. ನಕ್ಕೆ ನೋಡು ಈಗ, ಇಲ್ಲ ಅನ್ನಬೇಡ, ತುಟಿ ಅಲುಗಿತು. ನಗು ಮಗಳೇ, ಒಂದು ಸಲ ನಗು.

ಮತ್ತೆ ಆ ಗೋಡೆ ಮೇಲಿನ ನಕ್ಷೆ. ಪ್ರತಿ ಸೋಮವಾರ ಡ್ರಾಯಿಂಗ್ ಮೇಷ್ಟ್ರು ಏಣಿ ಹಾಕ್ಕೊಂಡು ಹತ್ತಿ ಗಡಿಗೆ ಬಣ್ಣ ಬಳಿಯೋದು. ಒಂದು ವಾರ ಒಂದು ಗೇಣು ಮುಂದೆ, ಮುಂದಿನ ವಾರ ಸದ್ದಿಲ್ಲದೆ ಎರಡು ಬೆರಳು ಹಿಂದೆ. ಬಳಿದೂ ಬಳಿದೂ ಬಣ್ಣ ಅಷ್ಟು ದಪ್ಪ ಕೂತಿದೆ. ಯಾಕೆ ಹಿಂದೆ ಬಂತು ಅಂತ ಯಾವ ಮಗುವೂ ಕೇಳಲ್ಲ. ಕೇಳಬಾರದು ಅಂತ ಯಾರೂ ಹೇಳಿಕೊಟ್ಟಿಲ್ಲ, ತಾವಾಗೇ ಕಲಿತುಬಿಟ್ಟಿವೆ.

ಮನೆಮಾತಿನ ಪುಸ್ತಕದ ವಿಷಯಕ್ಕೇ ಬರ್ತಿದ್ದೀನಿ. ನೀನು ಅದನ್ನೇ ಕೇಳಬೇಕು ಅಂತಿದ್ದೀಯ, ಗೊತ್ತು. ಸೋಮವಾರ ಮೊದಲನೇ ಪೀರಿಯಡ್. ಈ ವಾರ ನಮ್ಮ ಮನೆಯಲ್ಲಿ ಯುದ್ಧದ ಬಗ್ಗೆ ಏನು ಮಾತಾಡಿದರು, ಏನು ನಡೆಯಿತು, ಅರ್ಧ ಪುಟ. ಪುಟಪುಟಕ್ಕೂ ನಂಬರು, ನಂಬರಿನ ಮೇಲೆ ಮೊಹರು, ಒಂದು ಹಾಳೆಯನ್ನೂ ಹರಿಯೋ ಹಾಗಿಲ್ಲ. ಅದು ನನ್ನ ಪಾಠ ಅಲ್ಲ ತಾಯಿ! ಮೇಲಿನವರ ಪಾಠ. ಮೂವತ್ತೆಂಟು ಪುಸ್ತಕ ಜೋಡಿಸಿ, ದಾರ ಕಟ್ಟಿ, ಆಫೀಸಿನ ರೂಮಿನಲ್ಲಿ ಇಡೋದು, ಅಷ್ಟೇ ನನ್ನ ಕೆಲಸ. ಬಿಚ್ಚಿ ನೋಡಲ್ಲ ನಾನು. ನನಗೆ ಯಾಕೆ ಬೇಕು ಊರವರ ಮನೆ ಮಾತು?

ಹಾಗೆ ನೋಡಬೇಡ. ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಳಲಿ? ಕೇಳಿದೆ ಅಂತ ಹೇಳ್ತಿದ್ದೀನಿ. ...ಕೇಳಲಿಲ್ವಾ? ಸರಿ, ಕೇಳಲಿಲ್ಲ.

ಮಗು ಕಣೇ. ಹತ್ತು ವರ್ಷದ ಮಗು. ನೀನು ಎಷ್ಟೇ ಹೇಳಿಕೊಟ್ಟಿರು, ಅಪ್ಪ ಗಡಿಯಲ್ಲಿದ್ದಾನೆ ಅಂತಲೇ ಬರಿ ಅಂತ ಕೈ ಮುಗಿದು ಹೇಳಿರು, ಮಕ್ಕಳ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಾ? ಅವಳನ್ನ ಹೊಡೆದೆಯಂತೆ ನೀನು. ಪಕ್ಕದ ಮನೆಯವರು ಹೇಳಿದ್ರು. ಹನ್ನೊಂದು ದಿನದಿಂದ ಅವಳ ಹತ್ತಿರ ಒಂದು ಮಾತೂ ಆಡಿಲ್ಲವಂತೆ, ಅವಳೂ ಬಾಯಿ ಬಿಟ್ಟಿಲ್ಲವಂತೆ. ಬೇಡಮ್ಮ. ಹೋದವನು ಹೋದ, ಇರೋ ಕೂಸನ್ನಾದ್ರೂ ಉಳಿಸ್ಕೋ. ರಾಜರಾಜರ ಜಗಳ, ಅಟ್ಟದ ಮೇಲಿದ್ದವನಿಗೂ ಅವರ ಜಗಳಕ್ಕೂ ಏನು ಸಂಬಂಧ, ಕೊನೆಗೆ ಪೆಟ್ಟು ತಿಂದಿದ್ದು ಈ ಮಗು.

ಇಗೋ, ಪುಟ ತಂದಿದ್ದೀನಿ. ನಾನೇ ಬರೆದೆ. ಇನ್‌ಸ್ಪೆಕ್ಟರು ಒಂದು ಬರೆದುಕೊಟ್ಟಿದ್ರು, ಅದನ್ನ ಓದಿದ್ರೆ ಮಗು ಬರೆದಿದ್ದು ಅಂತ ಯಾರು ನಂಬ್ತಾರೆ? ರಾಷ್ಟ್ರದ್ರೋಹದ ಕರಾಳ ಛಾಯೆ ಅಂತೆಲ್ಲಾ ಇತ್ತು. ಅವಳ ಬಾಯಲ್ಲಿ ಹೊರಳಲ್ಲ ಅದು. ಅದಕ್ಕೇ ಅವಳು ಬರೆಯೋ ಹಾಗೇ, ಚಿಕ್ಕ ಚಿಕ್ಕ ಸಾಲು ಮಾಡಿ ಬರೆದೆ. ಇಪ್ಪತ್ತಾರು ವರ್ಷ ಪ್ರಬಂಧ ತಿದ್ದಿದ್ದೀನಿ, ಮಕ್ಕಳಿಗೋಸ್ಕರ ಒಂದು ಸಾಲೂ ಬರೆದುಕೊಟ್ಟವಳಲ್ಲ. ಇದೇ ಮೊದಲು. ನೀನು ಓದಿ ಕೆಳಗೆ ಸಹಿ ಹಾಕಬೇಕು, ತಾಯಿ ಒಪ್ಪಿದ್ದಾಳೆ ಅಂತ. ಓದು. ನಿಧಾನವಾಗಿ ಓದು.

...ಅಕ್ಷರ ಗೊತ್ತಾಗ್ತಿದೆ ತಾನೇ? ಸಂಜೆ ಬೆಳಕು, ಕಿಟಕಿ ಹತ್ತಿರ ಹಿಡಿ. ಹೇಡಿ ಅನ್ನೋ ಮಾತು ಒಂದೇ ಸಲ ಹಾಕಿದ್ದೀನಿ ನೋಡು. ಅವರು ನಾಲ್ಕು ಸಲ ಹಾಕಿದ್ರು, ನಾನು ಒಂದಕ್ಕೆ ಇಳಿಸಿದೆ. ಅಷ್ಟು ಮಾಡೋಕಾಯ್ತು ನನ್ನ ಕೈಯಲ್ಲಿ.

ಯಾಕೆ ನಿಲ್ಲಿಸಿದೆ? ಮಿಷನ್ ಯಾಕೆ ನಿಲ್ಲಿಸಿದೆ? ಕಾಲು ಆಡಿಸ್ತಾ ಓದ್ತಿದ್ದೆಯಲ್ಲ...

ಯಾವ ಸಾಲು? ಬೆರಳು ತೆಗಿ, ನೋಡೋಣ. ಮಿಷನ್ನಿನ ಸದ್ದು ಬರುವಾಗ ಮಾತ್ರ ಅಪ್ಪ ಅಟ್ಟದ ಮೇಲೆ ಕೆಮ್ಮುತ್ತಿದ್ದ... ಹೂಂ. ಅದಕ್ಕೇನು? ಸಾಲು ಚೆನ್ನಾಗಿದೆಯಲ್ಲ. ಇಂಥದ್ದೊಂದು ಇಲ್ಲದೇ ಇದ್ರೆ ಬರವಣಿಗೆ ನಿಜ ಅನ್ನಿಸಲ್ಲ. ಸುಮ್ಮನೆ ಅಪ್ಪ ಬಚ್ಚಿಟ್ಟುಕೊಂಡಿದ್ದ ಅಂದ್ರೆ ಯಾರ ಕಣ್ಣಿಗೆ ಕಟ್ಟುತ್ತೆ?

ನನಗೆ ಹೇಗೆ ಗೊತ್ತಾಯ್ತು ಅಂದ್ರೆ... ಬೀದಿಯವರೆಲ್ಲಾ ಮಾತಾಡ್ತಿದ್ರು. ಕೆಮ್ಮು ಕೇಳಿಸ್ತಿತ್ತು ಅಂತ...

ಹೌದು. ಬೀದಿಯವರಿಗೆ ಕೇಳಿಸಿದ್ರೆ ನಲವತ್ತು ದಿನ ಇರ್ತಿರಲಿಲ್ಲ ಅವನು. ಯಾರಿಗೂ ಕೇಳಿಸಲಿಲ್ಲ. ಪುಟ್ಟಿ ಹೇಳಿದ್ಲು, ಪುಟ್ಟಿಯೇ... ಯಾವಾಗ ಅಂದ್ರೆ... ಅವಳು ಬಾಯೇ ಬಿಟ್ಟಿಲ್ಲ ಅಂತ ನಾನೇ ಈಗ ಹೇಳಿದೆ, ಅಲ್ವಾ?

ಬಯ್ಯಿ. ನಿನಗೆ ಬಯ್ಯೋಕೆ ಬರಲ್ವಾ? ಕೈ ಎತ್ತು ಬೇಕಾದ್ರೆ. ಹೀಗೆ ಮಾತ್ರ ಕೂತ್ಕೋಬೇಡ ನನ್ನೇ ನೋಡ್ಕೊಂಡು.

ಓದಿದೆ ಕಣೇ. ಓದಿದೆ! ಎಲ್ಲಾ ಪುಸ್ತಕವನ್ನೂ ಓದ್ತೀನಿ. ಮೂವತ್ತೆಂಟನ್ನೂ. ಓದೋದು ನಾನೇ, ಗೆರೆ ಎಳೆಯೋದು ನಾನೇ, ವಿಶೇಷ ಅನ್ನಿಸಿದ್ದನ್ನ ಮೇಲೆ ಇಟ್ಟು ದಾರ ಕಟ್ಟೋದೂ ನಾನೇ. ಮತ್ತೆ ಯಾರು ಮಾಡ್ತಾರೆ?

ವಾರವಾರವೂ ಅವಳು ನೀನು ಹೇಳಿಕೊಟ್ಟ ಹಾಗೇ ಬರೀತಿದ್ಲು, ಒಂದು ಸೋಮವಾರ ಮತ್ತೆ ಅದೇ. ಕೇಳಿಸ್ಕೋ, ಇದನ್ನ ನೀನು ಕೇಳಿಸ್ಕೊಳ್ಳಲೇಬೇಕು. ನನ್ನ ತಂದೆ ಗಡಿಯಲ್ಲಿ ಹೋರಾಡುತ್ತಿದ್ದಾರೆ, ಅವರೇ ನಮ್ಮ ಹೆಮ್ಮೆ. ಒಂದು ತಪ್ಪಿಲ್ಲ. ಅರ್ಧ ಕ್ಲಾಸು ಅದನ್ನೇ ಬರೆದಿತ್ತು, ಗಿಣಿಪಾಠ. ನನಗೆ ರೇಗಿತು. ಇಷ್ಟು ಚೆನ್ನಾಗಿ ಬರೆಯೋ ಹುಡುಗಿ ಹೀಗೆ ಬರೆದ್ಲಲ್ಲ ಅಂತ. ಯುದ್ಧ ಮರೆತೇಹೋಯ್ತು ಕಣೇ, ಆ ಗಳಿಗೆಯಲ್ಲಿ ನನಗೆ ಪ್ರಬಂಧ ಮಾತ್ರ ಕಾಣಿಸ್ತು. ಕೆಳಗೆ ಬರೆದೆ, ಕೇಳಿದ್ದನ್ನು ಬರೆಯಬೇಡ, ಕಂಡದ್ದನ್ನು ಬರೆ. ಎಲ್ಲರಿಗೂ ಅದನ್ನೇ ಬರೀತೀನಿ. ನಿನಗೂ ಬರೆದಿದ್ದೆ.

ಮುಂದಿನ ಸೋಮವಾರ ಬರೆದ್ಲು. ಕಂಡದ್ದನ್ನ. ಅಪ್ಪನಿಗೆ ಕೆಮ್ಮು ಬಂದಾಗ ಅಮ್ಮ ಬಟ್ಟೆಯೇ ಇಲ್ಲದೆ ಮಿಷನ್ ತುಳಿಯುತ್ತಾಳೆ. ಸೂಜಿ ಸುಮ್ಮನೆ ಮೇಲೆ ಕೆಳಗೆ ಆಡುತ್ತದೆ. ಅಮ್ಮ ನನ್ನನ್ನು ನೋಡುವುದಿಲ್ಲ, ಮೇಲೂ ನೋಡುವುದಿಲ್ಲ. ಕೆಮ್ಮು ನಿಂತ ಮೇಲೆ ದಾರ ಪೋಣಿಸುತ್ತಾಳೆ... ನನಗೆ ಬಾಯಿಪಾಠ ಆಗಿದೆ. ಓದ್ತಾ ಓದ್ತಾ ಕಣ್ಣಲ್ಲಿ ನೀರು ಬಂತು. ಹತ್ತಕ್ಕೆ ಒಂಬತ್ತೂವರೆ ಕೊಟ್ಟೆ ಕಣೇ! ಇಷ್ಟು ವರ್ಷದಲ್ಲಿ ಯಾರಿಗೂ ಕೊಟ್ಟಿಲ್ಲ. ಅಂಕ ಹಾಕಿ ಪೆನ್ನಿನ ಮುಚ್ಚಳ ಮುಚ್ಚಿದ ಮೇಲೆ ತಲೆಗೆ ಹತ್ತಿತು, ಇದು ಏನು ಅಂತ.

ಹರಿಯೋ ಹಾಗಿಲ್ಲ, ನಂಬರು ಇದೆ. ಆದ್ರೆ ಶಾಯಿ ಚೆಲ್ಲಬಹುದಿತ್ತು. ಬಾಟಲಿ ಮೇಜಿನ ಮೇಲೇ ಇತ್ತು. ಮುಚ್ಚಳವನ್ನೂ ತೆಗೆದೆ, ನಿಜವಾಗಿ ತೆಗೆದೆ. ಕೈ ತಪ್ಪಿತು ಅಂದಿದ್ರೆ ಒಂದು ನೋಟೀಸು, ಹೆಚ್ಚಂದ್ರೆ ಎರಡು. ಆಮೇಲೆ ಇನ್‌ಸ್ಪೆಕ್ಟರ ಮಾತು ನೆನಪಾಯ್ತು. ಮೂರು ತಿಂಗಳಿಂದ ನಿಮ್ಮ ಕ್ಲಾಸಿನಿಂದ ವಿಶೇಷವೇ ಇಲ್ಲವಲ್ಲ, ಮೂವತ್ತೆಂಟು ಮನೆಯಲ್ಲೂ ಎಲ್ಲರೂ ಮೂಗರಾ, ಇಲ್ಲ ನೀವು ಮುಚ್ಚಿಡ್ತಿದ್ದೀರಾ ಅಂತ ಕೇಳಿದ್ರು. ನಗ್ತಾ ಕೇಳಿದ್ರು. ಹೆದರಿದೆ. ಇನ್ನೇನೂ ಇಲ್ಲ, ದೇಶಪ್ರೇಮ ಗೀಮ ಏನೂ ಅಲ್ಲ, ಹೆದರಿದೆ ಅಷ್ಟೇ. ಬಾಟಲಿ ಮುಚ್ಚಿದೆ. ಪುಟ್ಟಿಯ ಪುಸ್ತಕ ಮೇಲೆ ಇಟ್ಟೆ. ದಾರ ಕಟ್ಟಿದೆ.

ಮಗು ಕೈ ತಪ್ಪಿ ಬರೆದಿದ್ದಲ್ಲ. ನಾನು ಬರೆಸಿದ್ದು. ಹೇಳಿದ ಮಾತು ಕೇಳೋ ಮಗು ಅದು, ನಿನ್ನ ಮಾತು ಕೇಳ್ತು, ಆಮೇಲೆ ನನ್ನ ಮಾತು ಕೇಳ್ತು. ಅವಳನ್ನ ನೀನು ಹೊಡೆದೆ ಅಂತ ಗೊತ್ತಾದಾಗಲೂ ನಾನು ಬರಲಿಲ್ಲ. ಇವತ್ತೂ ಹೇಳಬೇಕು ಅಂತ ಬಂದಿರಲಿಲ್ಲ.

ಏನು ಹುಡುಕ್ತಿದ್ದೀಯ? ಪೆನ್ನಾ? ತಗೋ. ಕೆಂಪೇ ಇರೋದು ನನ್ನ ಹತ್ತಿರ, ನಡೆಯುತ್ತೆ. ಇಲ್ಲಿ, ಕೆಳಗೆ, ಖಾಲಿ ಬಿಟ್ಟಿರೋ ಕಡೆ... ಅಯ್ಯೋ, ಏನು ಮಾಡ್ತಿದ್ದೀಯ! ಹಾಗೆ ಹೊಡೆದು ಹಾಕಬೇಡ, ಪುಟ ಕೆಡುತ್ತೆ, ಕೇಳ್ತಾರೆ...

ಆ ಒಂದೇ ಸಾಲಾ? ಹೇಡಿ ಅನ್ನೋದು ಇರಲಾ? ನಾಚಿಕೆ ಅನ್ನೋದು? ...ಎಲ್ಲಾ ಇರಲಿ. ಕೆಮ್ಮಿದ್ದು ಮಾತ್ರ ಬೇಡ. ಸರಿ. ಅರ್ಥ ಆಯ್ತು. ಉಳಿದಿದ್ದೆಲ್ಲಾ ಹೇಗಿದ್ರೂ ಸುಳ್ಳು, ಅದನ್ನ ಅವರು ಇಟ್ಕೊಳ್ಳಲಿ. ಬೇರೆ ಪ್ರತಿ ಮಾಡ್ತೀನಿ, ಈಗಲೇ ಮಾಡ್ತೀನಿ, ಅದಕ್ಕೇ ಸಹಿ ಹಾಕು.

ಬಾಗಿಲ ಕಡೆ ಯಾಕೆ ತೋರಿಸ್ತೀಯ? ಹೋಗ್ತೀನಿ, ನೀನು ಹೋಗು ಅನ್ನೋದೂ ಬೇಡ... ಹೋಗೋದಲ್ವಾ? ಮತ್ತೇನು?

ಓ. ಬಂದ್ಲಾ.

ಇಲ್ಲ. ನನ್ನ ಬಾಯಿಂದ ಅವಳಿಗೆ ಹೇಳಿಸಬೇಡ ಕಣೇ. ನೀನೇ ಹೇಳು, ನಾನು ಹೋದ ಮೇಲೆ ನೀನೇ ಹತ್ತಿರ ಕೂರಿಸ್ಕೊಂಡು ಹೇಳು, ತಾಯಿ ಹೇಳಿದ್ರೆ... ಆಯ್ತು. ಆಯ್ತು, ಕೈ ಬಿಡು. ಕೂತೇ ಇದ್ದೀನಲ್ಲ. ನಾನೇ ಹೇಳ್ತೀನಿ.

ಬಾ ಪುಟ್ಟಿ. ಬಿಂದಿಗೆ ಕೆಳಗಿಡು. ಸೆಲ್ಯೂಟ್ ಹೊಡೀಬೇಡ ಮಗು, ಇದು ಸ್ಕೂಲಲ್ಲ, ನಿಮ್ಮ ಮನೆ. ಕೈ ಇಳಿಸು. ಇಳಿಸಮ್ಮ.

ನೋಡು ಪುಟ್ಟಿ. ನಿಮ್ಮಪ್ಪನ್ನ ಹಿಡಿದುಕೊಟ್ಟಿದ್ದು ನೀನಲ್ಲ. ನಾನು.